ನಮ್ಮ ಗಿರಣಿಯ ಕಾಟಾ ಕೆಟ್ಟಿರಲಿಲ್ಲ

ನಾನು ಸಾಯುವ ಹಾದಿ ಹಿಡಿದಿದ್ದಾಗ ನನ್ನ ಗೆಳೆಯರು ಶಿಳ್ಳೆ ಹೊಡೆಯುತ್ತಿದ್ದರು. ಅವರ ಮೇಲಿನ ಸಿಟ್ಟಿನಿಂದ ಈ ಮಾತು ಹೇಳುತ್ತಿಲ್ಲ. ಆ ಶಿಳ್ಳೆ ಕೇಳಿ ನಾನೂ ಎದೆ ಉಬ್ಬಿಸಿ ನಿಂತಿದ್ದೆ.

ಆಗ ನಾನು ಕುಂದಗೋಳದ ಒಂದು ಸಣ್ಣ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಹೆಸರು ಈರಣ್ಣ, ಮೈದಾನದಲ್ಲಿ ಈರ್ಯಾ. ಊರು ಸಂಶಿ. ನಮ್ಮ ಕಾಲೇಜಿಗೆ ಹೇಳಿಕೊಳ್ಳುವಂಥ ಹೆಸರು ಇರಲಿಲ್ಲ, ಆದರೆ ಒಂದು ಕಬಡ್ಡಿ ತಂಡ ಇತ್ತು. ಆಡುವವರು ಏಳು ಜನ, ಎಕ್ಸ್‌ಟ್ರಾ ಇಬ್ಬರು. ಯುನಿವರ್ಸಿಟಿ ಪಂದ್ಯಗಳಿಗೆ ಹೋದರೆ ದೊಡ್ಡ ಕಾಲೇಜುಗಳ ಎಂಬತ್ತು ಕಿಲೊದ ಆಳುಗಳು ನಮ್ಮನ್ನು ಹೊಟ್ಟಿನ ಚೀಲದಂತೆ ಎತ್ತಿ ಒಗೆಯುತ್ತಿದ್ದರು. ಅದಕ್ಕೆ ನಮ್ಮ ಪಿ.ಡಿ. ಸರ್, ಅಂದರೆ ಆಟ ಕಲಿಸುವ ಮಾಸ್ತರರು, ಒಂದು ಉಪಾಯ ಮಾಡಿದ್ದರು. ಹಳ್ಳಿಗಳಲ್ಲಿ ನಡೆಯುವ ಅರವತ್ತು ಕಿಲೊ ಪಂದ್ಯಾವಳಿಗಳಿಗೆ ನಮ್ಮನ್ನು ಕರೆದೊಯ್ದು, ಆ ರೂಢಿಯ ಮೇಲೆ ಯುನಿವರ್ಸಿಟಿ ಪಂದ್ಯಕ್ಕೆ ಇಳಿಸುವುದು.

ಅರವತ್ತು ಕಿಲೊ ಪಂದ್ಯ ಗೊತ್ತಿಲ್ಲದವರಿಗೆ ಎರಡು ಮಾತು. ಪಂದ್ಯದ ದಿನ ಮುಂಜಾನೆ ಆಟಗಾರರೆಲ್ಲ ಬರೀ ಚಡ್ಡಿಯಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಅರವತ್ತು ದಾಟಿದರೆ ಔಟ್. ಹೀಗಾಗಿ ಹಿಂದಿನ ದಿನದಿಂದ ಉಪವಾಸ ಇರುವವರು, ಸ್ವೆಟರ್ ತೊಟ್ಟು ಬಿಸಿಲಲ್ಲಿ ಓಡುವವರು, ತಲೆ ಬೋಳಿಸಿಕೊಳ್ಳುವವರು, ಎಲ್ಲ ನಮೂನೆಯವರೂ ಇರುತ್ತಾರೆ. ಇದಕ್ಕೆ ನಾವು 'ವೇಟ್ ಇಳಿಸುವುದು' ಅನ್ನುತ್ತಿದ್ದೆವು. ತಂಡದಲ್ಲಿ ಒಳ್ಳೆಯ ರೇಡರ್ ನಾನೇ, ವೇಟ್ ಹೆಚ್ಚಿದ್ದವನೂ ನಾನೇ. ಮಳೆಗಾಲ ಶುರುವಾದಾಗ ಅರವತ್ನಾಲ್ಕು ಇದ್ದೆ.

ತೂಗಿಕೊಳ್ಳುವುದು ನಮ್ಮ ಗಿರಣಿಯಲ್ಲಿ. ಅಪ್ಪನದು ಸಂಶಿಯ ಪೇಟೆಯಲ್ಲಿ ಜೋಳ, ಗೋಧಿ ಬೀಸುವ, ಸುಗ್ಗಿಯಲ್ಲಿ ಮೆಣಸಿನಕಾಯಿ ಕುಟ್ಟುವ ಗಿರಣಿ. ಬಾಗಿಲ ಪಕ್ಕದಲ್ಲೇ ಚೀಲ ತೂಗುವ ಕಾಟಾ. ತೂಕದ ಯಂತ್ರಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ಕಾಟಾದ ಮೇಲೆ ಅಪ್ಪನಿಗೆ ದೇವರ ಮೇಲಿದ್ದಷ್ಟೇ ನಂಬಿಕೆ. ವಾರಕ್ಕೊಮ್ಮೆ ಇಡೀ ತಂಡ ಅಲ್ಲಿ ಸೇರಿ ಸಾಲಾಗಿ ಹತ್ತಿ ಇಳಿಯುತ್ತಿತ್ತು. "ಹಿಟ್ಟು ತೂಗೂ ಕಾಟಾದ ಮ್ಯಾಲೆ ಹಿಟ್ಟು ತಿನ್ನಾವ್ರನ್ನ ತೂಗೂ ಕಾಲ ಬಂತು ನೋಡ್ರಿ" ಎಂದು ಅಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದ. ಆದರೆ ಕೆಂಪು ಅಂಕಿ ಬೆಳಗಿದಾಗ ಎಲ್ಲರಿಗಿಂತ ಮೊದಲು ಬಾಗಿ ನೋಡುತ್ತಿದ್ದವನು ಅವನೇ.

ಮೊದಲ ವಾರಗಳಲ್ಲಿ ನನ್ನದು ಏನೂ ಇಳಿಯಲಿಲ್ಲ. ರೊಟ್ಟಿ ಬಿಟ್ಟೆ, ಗುಡಗೇರಿ ರಸ್ತೆಯಲ್ಲಿ ಸ್ವೆಟರ್ ತೊಟ್ಟು ಓಡಿದೆ, ಕಾಟಾ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಒಮ್ಮೆಲೇ ಇಳಿಯತೊಡಗಿತು. ಅರವತ್ತೆರಡು, ಅರವತ್ತು, ಐವತ್ತೆಂಟು. ಅರವತ್ತರ ಒಳಗೆ ಬಂದ ದಿನ ಎದ್ದ ಶಿಳ್ಳೆಯೇ ನಾನು ಮೊದಲು ಹೇಳಿದ್ದು. ನಮ್ಮ ಕ್ಯಾಪ್ಟನ್ ದಾದಾಪೀರ ಸಂಶಿಯವನೇ, ಒಂದನೆಯ ಇಯತ್ತೆಯಿಂದ ನನ್ನ ಬಾಜು ಕೂತವನು. ಅವನು ನನ್ನನ್ನು ಎತ್ತಿ ಗಿರಣಿಯ ತುಂಬ ತಿರುಗಿಸಿದ.

"ಇನ್ನ ನಮ್ಮನ್ನ ಹಿಡಿಯಾವ್ರ ಯಾರಿಲ್ಲಲೇ ಈರ್ಯಾ" ಎಂದ.

ಪಿ.ಡಿ. ಸರ್ ಉಳಿದವರ ಕಡೆ ತಿರುಗಿ, "ಇದಕ್ಕ ಶಿಸ್ತು ಅಂತಾರ. ನೋಡಿ ಕಲೀರಿ" ಎಂದರು.

ಗುಡಗೇರಿಯ ಪಂದ್ಯಾವಳಿಯಲ್ಲಿ ಆ ಸೀಸನ್ನಿನ ಮೊದಲ ಕಪ್ಪು ಗೆದ್ದೆವು. ಗೆದ್ದ ಮೇಲೆ ಸರ್ ನನಗೆ, ಇನ್ನು ಸಾಕು, ಹೊಟ್ಟೆ ತುಂಬ ಉಣ್ಣು ಎಂದರು. ಉಂಡೆ. ಹಾಗೆ ಉಂಡದ್ದು ನನ್ನ ಜನ್ಮದಲ್ಲಿ ಇಲ್ಲ. ಅವ್ವ ಬಡಿದ ರೊಟ್ಟಿ ಬಡಿದಂತೆ ಖಾಲಿ. ಮೇಲೆ ಶೇಂಗಾ ಹೋಳಿಗೆ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು. ಅಷ್ಟಾದರೂ ಕಾಟಾ ಇಳಿಯುತ್ತಲೇ ಇತ್ತು. ಐವತ್ತಾರು. ಐವತ್ನಾಲ್ಕು. ಅದರ ಜೊತೆ ಎಂಥದೋ ಬಾಯಾರಿಕೆ. ಕೊಡಕ್ಕೇ ಬಾಯಿ ಹಚ್ಚಬೇಕು ಅನಿಸುತ್ತಿತ್ತು. ಕುಂದಗೋಳ ಅಷ್ಟು ಹತ್ತಿರ, ಅಷ್ಟರೊಳಗೂ ಬಸ್ಸು ನಿಲ್ಲಿಸಿ ಇಳಿದು ಉಚ್ಚೆಗೆ ಓಡುತ್ತಿದ್ದೆ. ಗೆಳೆಯರು 'ಟ್ಯಾಂಕರ್' ಎಂದು ಹೆಸರಿಟ್ಟರು. ನಾನೂ ನಕ್ಕೆ.

ನಮ್ಮ ಬಚ್ಚಲಲ್ಲಿ ಇರುವೆ ಸಾಲುಗಟ್ಟಿದವು. ಅವ್ವ ಅರಿಶಿನ ಉದುರಿಸಿ ಬೈದಳು. "ಬಚ್ಚಲದಾಗ ಕುಂತು ಬೆಲ್ಲಾ ತಿಂತೀಯೇನು?" ಇರುವೆಗಳಿಗೆ ತಿಳಿದದ್ದು ನಮ್ಮ ಮನೆಯ ನಾಲ್ಕು ಜನರಿಗೆ ತಿಳಿಯಲಿಲ್ಲ. ಅವ್ವ, ಅಪ್ಪ, ಅಕ್ಕ, ನಾನು. ಎಲ್ಲರೂ ಶಾಲೆ ಕಲಿತವರೇ.

ಕಾಟಾ ಐವತ್ಮೂರು ತೋರಿಸಿದ ದಿನ ಅಪ್ಪ ಹುಬ್ಬು ಗಂಟಿಕ್ಕಿದ. ಇಳಿದು ಮತ್ತೆ ಹತ್ತು ಎಂದ. ಅಷ್ಟೇ ಬಂತು.

"ಇಷ್ಟ ಉಂಡು ಇಷ್ಟ ಇಳೀತಾನ ಅಂದ್ರ ತಪ್ಪು ಇವನ್ದಲ್ಲ, ಕಾಟಾದ್ದು" ಎಂದ. ಆ ಮಾತಿನಲ್ಲಿ ದಿಗಿಲಿತ್ತು, ಆದರೆ ಅದು ನನ್ನ ಬಗ್ಗೆ ಅಲ್ಲ. ಕಾಟಾ ತಪ್ಪು ತೂಗುತ್ತಿದ್ದರೆ ಇಷ್ಟು ದಿನ ಗಿರಾಕಿಗಳಿಗೆ ಮೋಸ ಆದಂತೆ, ಊರಲ್ಲಿ ತಲೆ ಎತ್ತುವುದು ಹೇಗೆ? ಮರುದಿನವೇ ಹುಬ್ಬಳ್ಳಿಯಿಂದ ಕಾಟಾ ರಿಪೇರಿಯವನನ್ನು ಕರೆಸಿದ. ಆತ ಕಬ್ಬಿಣದ ತೂಕಗಳನ್ನು ಇಟ್ಟು, ತೆಗೆದು, ಬಿಚ್ಚಿ, ಜೋಡಿಸಿ ನೋಡಿದ.

"ಕಾಟಾ ಅಗದಿ ಬರೋಬ್ಬರಿ ಐತ್ರಿ ಮಾಲಕ್ರ. ಒಂದು ಗುಂಜಿನೂ ಹೆಚ್ಚುಕಡಿಮಿ ಇಲ್ಲ" ಎಂದ.

ಅಪ್ಪನ ಮುಖ ಅರಳಿತು. ಅವ್ವ ಆತನಿಗೆ ಚಹಾ ಕೊಟ್ಟಳು. ನಾನು ಕಾಟಾದ ಪಕ್ಕದಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ, ಪ್ಯಾಂಟು ಜಾರದಂತೆ ಸೊಂಟಕ್ಕೆ ಸುತಳಿ ಕಟ್ಟಿಕೊಂಡು. ಕಾಟಾ ಸರಿಯಿದ್ದ ಮೇಲೆ ಕೆಟ್ಟಿರುವುದು ಯಾವುದು ಎಂದು ಒಬ್ಬರೂ ಕೇಳಲಿಲ್ಲ.

ಅದಾಗಿ ಕೆಲವೇ ದಿನಗಳಿಗೆ ಕಲಘಟಗಿ ತಾಲೂಕಿನ ತಂಬೂರದಲ್ಲಿ ಪಂದ್ಯವಿತ್ತು. ಅಲ್ಲಿಯ ಕಾಟಾದ ಮೇಲೆ ನಾನು ಐವತ್ತೊಂದು. ಮುಂಜಾನೆಯಿಂದ ಎರಡು ಸಲ ವಾಂತಿಯಾಗಿತ್ತು. ಪಂದ್ಯದ ಅಂಜಿಕೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಹೊಟ್ಟೆಯಲ್ಲಿ ಚಾಕು ತಿರುವಿದಂತೆ ನೋವು. ನಿಶ್ಶಕ್ತಿ ಎಂದಾಗ ನಮ್ಮ ಹುಡುಗರು ಮಾಡುವುದು ಒಂದೇ ಮದ್ದು, ನೀರಿಗೆ ಗ್ಲೂಕೋಸ್ ಪುಡಿ ಸುರಿದು ಕುಡಿಸುವುದು. ಒಂದು ಬಾಟಲಿ ಕುಡಿದೆ. ಸಾಲಲಿಲ್ಲ, ಇನ್ನೊಂದು ಕುಡಿದೆ. ನನಗೆ ವಿಷವಾಗಿದ್ದುದನ್ನು ಬೆನ್ನು ಸವರಿ ಪ್ರೀತಿಯಿಂದ ಕುಡಿಸಿದರು.

ಎದುರಾಳಿ ನಮ್ಮ ಅಂಕಣಕ್ಕೆ ಬಂದಾಗ ನಾನೂ ದಾದಾಪೀರನೂ ಕೈಗೆ ಕೈ ಹಿಡಿದು ಒಂದೇ ಮೂಲೆ ಕಾಯುವುದು ರೂಢಿ. ದಾದಾಪೀರನ ಮುಖ ನನ್ನ ಮುಖದ ಹತ್ತಿರವೇ ಇತ್ತು.

"ಪ್ಯಾರಲಹಣ್ಣು ಎಲ್ಲಿ ಸಿಕ್ಕಿತಲೇ? ಒಬ್ಬನ ತಿಂದೇನ?" ಎಂದ.

"ಏನೂ ತಿಂದಿಲ್ಲೋ."

"ಮತ್ತ ಬಾಯಾಗ ಹಂಗ್ಯಾಕ ವಾಸನಿ? ಕೊಳ್ತ ಪ್ಯಾರಲದಂಗ ಹೊಡ್ಯಾಕತ್ತೈತಿ."

ಉತ್ತರಿಸುವಷ್ಟು ಉಸಿರಿರಲಿಲ್ಲ. ಮುಂದಿನ ರೇಡು ನನ್ನದು. ಗೆರೆ ದಾಟಿ 'ಕಬಡ್ಡಿ ಕಬಡ್ಡಿ' ಶುರುಮಾಡಿದೆ. ಆ ಮಾತು ನನ್ನ ಬಾಯಿಂದ ಯಾವತ್ತೂ ತುಂಡಾಗಿರಲಿಲ್ಲ, ಅದು ನನ್ನ ಹೆಮ್ಮೆ. ಆ ದಿನ ಮೂರನೆಯದಕ್ಕೇ ತುಂಡಾಯಿತು. ಪಂಚರು ಸೀಟಿ ಊದಿ ಔಟ್ ಕೊಟ್ಟರು. ಹೊರಗೆ ಬಂದು ಕೂತೆ. ಕೂತ ಮೇಲಾದರೂ ಏದುಸಿರು ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಕುಲುಮೆಯ ತಿದಿಯಂತೆ ಎದೆ ತಾನೇ ತಾನಾಗಿ ಎತ್ತಿ ಹಾಕುತ್ತಿತ್ತು. ನನ್ನ ಮೈ ನನ್ನ ಕೈಯಲ್ಲಿಲ್ಲ ಎಂಬುದು ಮೊದಲ ಬಾರಿ ತಿಳಿದದ್ದು ಆಗ.

ನಾವು ಮೂರು ಅಂಕ ಮುಂದಿದ್ದೆವು. ಪಿ.ಡಿ. ಸರ್ ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿ, "ಆಟ ಸಾಕು. ಟೆಂಪೊ ತಗೀರಿ" ಎಂದರು. ಗೆಲ್ಲುತ್ತಿದ್ದ ಪಂದ್ಯವನ್ನು ಬಿಟ್ಟುಕೊಟ್ಟು, ಚಡ್ಡಿ ಬನಿಯನ್ನಿನಲ್ಲೇ ಇಡೀ ತಂಡ ನನ್ನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೊತ್ತು ತಂದಿತು. ದಾರಿಯಲ್ಲಿ ಯಾರೋ ಮತ್ತೆ ಗ್ಲೂಕೋಸ್ ಕುಡಿಸಲು ನೋಡಿದರು. ವಾಂತಿಯಾದದ್ದರಿಂದ ಅಷ್ಟು ಉಳಿಯಿತು.

ಆಸ್ಪತ್ರೆಯಲ್ಲಿ ನಡೆದದ್ದು ನನಗೆ ಮಂಜಿನೊಳಗಿಂದ ನೋಡಿದಂತೆ ನೆನಪಿದೆ. ಉಳಿದದ್ದನ್ನು ದಾದಾಪೀರ ಹೇಳಿದ. ನರ್ಸಮ್ಮ ಬೆರಳಿಗೆ ಚುಚ್ಚಿ ಸಣ್ಣ ಯಂತ್ರಕ್ಕೆ ರಕ್ತ ಹಿಡಿದರು. ಅದರಲ್ಲಿ ಅಂಕಿಯೇ ಬರಲಿಲ್ಲ. ಇನ್ನೊಂದು ಯಂತ್ರ ತಂದರು. ಅದರಲ್ಲೂ ಬರಲಿಲ್ಲ. ಯಂತ್ರ ಅಳೆಯಬಲ್ಲ ಮಿತಿಯನ್ನು ನನ್ನ ಸಕ್ಕರೆ ದಾಟಿ ಹೋಗಿತ್ತು. ವಯಸ್ಸಿನಲ್ಲಿ ನಮ್ಮ ಅಕ್ಕನಷ್ಟಿರುವ ಡಾಕ್ಟರಮ್ಮ ಓಡುತ್ತ ಬಂದರು.

"ಇವ್ರಿಗೆ ಸಕ್ಕರಿ ಕಾಯಿಲೆ ಯಾವಾಗಿಂದ ಐತಿ?"

ಪಿ.ಡಿ. ಸರ್‌ಗೆ ಅವಮಾನವಾದಂತೆ ಆಯಿತು. "ಸಕ್ಕರಿ ಕಾಯಿಲೇನಾ? ಇಂವ ಕಬಡ್ಡಿ ಪ್ಲೇಯರ್ ಅದಾನ್ರಿ ಮೇಡಂ" ಎಂದರು.

"ತೂಕ ಏನರ ಇಳಿದೈತೇನು?"

ಈ ಪ್ರಶ್ನೆಗೆ ಮಾತ್ರ ಇಡೀ ತಂಡಕ್ಕೆ ಉತ್ತರ ಗೊತ್ತಿತ್ತು. "ಹದಿಮೂರು ಕಿಲೊ ಇಳಿಸ್ಯಾನ್ರಿ" ಎಂದು ನಾಲ್ಕಾರು ದನಿಗಳು ಒಟ್ಟಿಗೇ ಹೇಳಿದವು, ಹೆಮ್ಮೆಯಿಂದ. ಡಾಕ್ಟರಮ್ಮ ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದರಂತೆ.

"ಅವ ಇಳಿಸಿದ್ದಲ್ಲಪಾ ಅದು. ರೋಗ ಇಳಿಸಿದ್ದು. ಬಾಯಾಗಿನ ಆ ಹಣ್ಣಿನ ವಾಸನಿನೂ ರೋಗದ್ದ. ಇನ್ನೊಂದಿಷ್ಟು ತಡಾ ಆಗಿದ್ರ ಇವ ಉಳೀತಿರಲಿಲ್ಲ."

ಸರ್ ಗೋಡೆಗೆ ಆತು ನೆಲದ ಮೇಲೆ ಕೂತುಬಿಟ್ಟರಂತೆ.

ಅಪ್ಪ ಗಿರಣಿ ಬಂದ್ ಮಾಡಿ ಇದ್ದಂತೆಯೇ ಬಂದಿದ್ದ. ನಾನು ಐಸಿಯುನಲ್ಲಿ ಕಣ್ಣು ಬಿಟ್ಟಾಗ ಕಂಡದ್ದು ಹಿಟ್ಟು ಮೆತ್ತಿದ ಬಿಳಿ ಹುಬ್ಬು. ಒಂದು ಕ್ಷಣ ಅಪ್ಪ ಮುದುಕನಾಗಿಬಿಟ್ಟಿದ್ದಾನೆ, ನಾನು ಎಷ್ಟೋ ವರ್ಷ ಮಲಗಿದ್ದೆ ಎಂದು ಗಾಬರಿಯಾದೆ. ಡಾಕ್ಟರಮ್ಮ ಅವನಿಗೆ ವಿಷಯ ತಿಳಿಸುತ್ತಿದ್ದರು. ಇನ್ನು ಮೇಲೆ ದಿನಾ ಇನ್ಸುಲಿನ್ ಇಂಜೆಕ್ಷನ್ ತಗೋಬೇಕು, ಊಟ ತಪ್ಪಿಸಬಾರದು.

"ಎಷ್ಟ ದಿನಾರೀ ಇಂಜೆಕ್ಷನ್?" ಅಪ್ಪ ಕೇಳಿದ.

"ಇರೂತನಕರಿ."

"ಅದಲ್ರಿ, ಅಂದಾಜು ಎಷ್ಟ ದಿನಾ?"

ಅವರು ಮತ್ತೆ ಅದನ್ನೇ ಹೇಳಿದರು, ಬೇಸರವಿಲ್ಲದೆ. ಅಪ್ಪ ಮೂರನೆಯ ಸಲವೂ ಕೇಳಿದ. ಅವನ ಬಾಯಿಗೆ ಬೇರೆ ಪ್ರಶ್ನೆಯೇ ಬರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಅಂದರೆ ನಮ್ಮ ಓಣಿಯಲ್ಲಿ ಅಜ್ಜಂದಿರದು, ಚಹಾಕ್ಕೆ ಸಕ್ಕರೆ ಬ್ಯಾಡ ಎನ್ನುವವರದು. ನನಗೆ ಇನ್ನೂ ಮೀಸೆ ನೆಟ್ಟಗೆ ಬಂದಿರಲಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಕಬಡ್ಡಿ ಆಡಬಹುದೇನ್ರಿ?"

ಡಾಕ್ಟರಮ್ಮ ಮೊದಲ ಬಾರಿಗೆ ನಕ್ಕರು. "ಆಡಬಹುದು. ಮೈ ತುಂಬಲಿ, ಸಕ್ಕರಿ ಹತೋಟಿಗೆ ಬರಲಿ, ಆಮ್ಯಾಲೆ ಆಡು. ಆದ್ರ ಉಪವಾಸ ಬಿದ್ದು ಆಡಂಗಿಲ್ಲ, ಸೂಜಿ ತಪ್ಪಿಸಿ ಆಡಂಗಿಲ್ಲ. ಇವೆರಡ ಮಾತು ನೆನಪಿಟ್ಕೊ."

ಆ ಎರಡು ಮಾತನ್ನು ಹಿಡಿದುಕೊಂಡೇ ನಾನು ಆಸ್ಪತ್ರೆಯ ದಿನಗಳನ್ನು ಕಳೆದೆ. ಆಡಬಹುದು ಎಂದಿದ್ದರು, ಅಷ್ಟು ಸಾಕಿತ್ತು.

ಮನೆಗೆ ಬಂದ ಮೇಲೆ ಬೇರೆ ಆಟ ಶುರುವಾಯಿತು. ಅವ್ವ ಬಾಗಿಲು ಹಾಕಿಕೊಂಡು ಅತ್ತಳು. "ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ. ನಾಳೆ ಇವಂಗ ಹೆಣ್ಣು ಕೊಡಾವ್ರು ಯಾರು?" ಎಂದಳು. ಸುದ್ದಿ ಆಗಲೇ ಟೆಂಪೊದಲ್ಲಿ ಬಂದ ಎಂಟು ಜನರ ಬಾಯಿಂದ ಎಂಟು ಊರಿಗೆ ಮುಟ್ಟಿತ್ತು. ಸೋದರಮಾವ ಹಾಗಲಕಾಯಿಯ ಚೀಲ ಹೊತ್ತು ಬಂದ. ಸೂಜಿ ಚಟ ಹತ್ತುತ್ತದೆ, ಅದನ್ನು ನಿಲ್ಲಿಸಿ ಈ ರಸ ಕುಡಿಸು ಎಂದು ಅವ್ವನಿಗೆ ಒತ್ತಿ ಹೇಳಿದ. ಅವ್ವ ಅಲುಗಾಡಿದ್ದು ನನಗೆ ಕಂಡಿತು. ಆಗ ಅಪ್ಪ ಮಾತಾಡಿದ.

"ರಸಾ ಕುಡೀತಾನಂದ್ರ ಕುಡೀಲಿ. ಸೂಜಿ ನಿಲ್ಲಂಗಿಲ್ಲ."

ಅಷ್ಟೇ. ಮಾವ ಹಾಗಲಕಾಯಿಯ ಪಲ್ಯ ಉಂಡು ಹೋದ.

ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಗೆ ತೋರಿಸಲು ಹೋಗಬೇಕಿತ್ತು. ಅಲ್ಲಿಯ ಬೆಂಚಿನ ಮೇಲೆ ಕೂತವರೆಲ್ಲ ಹಿರಿಯರು. ಅಣ್ಣಿಗೇರಿಯ ಕಡೆಯ ಒಬ್ಬ ಅಜ್ಜಿ ನನ್ನ ಪಕ್ಕ ಕೂತು, "ಯಾರಿಗೆ ತೋರಸಾಕ ಬಂದೀಯೋ ತಮ್ಮಾ, ಅಪ್ಪಗೋ ಅವ್ವಗೋ?" ಎಂದು ಕೇಳಿದಳು. "ನನಗ" ಎಂದೆ. ಅಯ್ಯೋ ಪಾಪ ಅನ್ನುತ್ತಾಳೆಂದು ನಾನು ಮುಖ ತಿರುಗಿಸಿದೆ. ಹಾಗೆ ಕೇಳಿ ಕೇಳಿ ಸಾಕಾಗಿತ್ತು. ಅವಳು ಹಾಗೇನೂ ಅನ್ನದೆ ತನ್ನ ಗಂಟು ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟಳು. "ನಂಬರ ಬರಾಕ ಹೊತ್ತಾಗತೈತಿ. ಸಕ್ಕರಿಯಾವ್ರು ಹಸದು ಕೂಡ್ರಬಾರ್ದು" ಎಂದಳು. 'ಸಕ್ಕರೆಯವರು' ಎಂದು ನನ್ನನ್ನೂ ತನ್ನ ಕಡೆಗೆ ಸೇರಿಸಿಕೊಂಡುಬಿಟ್ಟಿದ್ದಳು. ಆ ರೊಟ್ಟಿ ತಿನ್ನುತ್ತ ನನಗೆ ಅಳು ಬಂತು. ಆಸ್ಪತ್ರೆ ಸೇರಿದಾಗಿನಿಂದ ಅದೇ ಮೊದಲ ಅಳು.

ಗಿರಣಿಗೆ ಮೊದಲ ಸಲ ಹೋದ ದಿನ ಕಾಟಾದ ಮೇಲೆ ಗೋಣಿಚೀಲ ಹೊದಿಸಿತ್ತು. ಅಪ್ಪ ಮೂಲೆಯಲ್ಲಿ ಬಿದ್ದಿದ್ದ ಹಳೆಯ ತಕ್ಕಡಿಯನ್ನು ತೂಗುಹಾಕಿ ಅದರಲ್ಲೇ ಗಿರಾಕಿಗಳ ಕಾಳು ತೂಗುತ್ತಿದ್ದ.

"ಕಾಟಾ ಕೆಟ್ಟಿತೇನಪಾ?" ಎಂದೆ.

"ಇಲ್ಲ" ಎಂದ. ಆಮೇಲೆ ಕಾಳು ತೂಗುತ್ತಲೇ, ನನ್ನ ಕಡೆ ನೋಡದೆ ಹೇಳಿದ. "ಅದು ವಾರಾ ವಾರಾ ಬಡಕೋತಿತ್ತು. ನಾ ಅದನ್ನ ರಿಪೇರಿ ಮಾಡಾಂವನ್ನ ಕರಸಿದೆ. ಇನ್ನ ಅದರ ಮಾರಿ ನೋಡಾಕ ಆಗವಲ್ದು."

ಜೀವನದಲ್ಲಿ ಅಪ್ಪನ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಹಿಟ್ಟಿನ ಧೂಳು ಎಂದುಕೊಳ್ಳುವಷ್ಟು ಚಿಕ್ಕವನೂ ನಾನಾಗಿರಲಿಲ್ಲ.

ಯುನಿವರ್ಸಿಟಿ ಪಂದ್ಯ ನಾನಿಲ್ಲದೆ ನಡೆಯಿತು. ಮೊದಲ ಸುತ್ತಿನಲ್ಲೇ ಸೋತರು. ದಾದಾಪೀರ ಆ ಸುದ್ದಿಯನ್ನು ಹೇಳಲು ಬಂದವನು ಸೋತದ್ದು ಹೇಳದೆ ನನಗೆ ಎಷ್ಟು ಸಲ ಚುಚ್ಚಿಕೊಳ್ಳಬೇಕು, ನೋಯುತ್ತದೆಯೇ ಎಂದು ಕೇಳುತ್ತ ಕೂತ. ಸೂಜಿ ನೋಡಿದರೆ ತಲೆ ತಿರುಗುವವನು, ಆದರೂ ನಾನು ಚುಚ್ಚಿಕೊಳ್ಳುವುದನ್ನು ಕಣ್ಣು ಮುಚ್ಚದೆ ನೋಡಿದ.

ಚಳಿಗಾಲದ ಹೊತ್ತಿಗೆ ನಾನು ಮೈದಾನಕ್ಕೆ ಮರಳಿದೆ. ಮೊದಲು ಓಟ, ಆಮೇಲೆ ಹಿಡಿತ, ಆಮೇಲೆ ರೇಡು. ಒಂದು ದಿನ ಅಭ್ಯಾಸದ ನಡುವೆ ಕೈ ನಡುಗಿ, ಬೆವರೊಡೆದು, ದಾದಾಪೀರ ಎರಡೆರಡಾಗಿ ಕಂಡ. ಸಕ್ಕರೆ ಇಳಿದಿತ್ತು. ಅವನು ಡಾಕ್ಟರಮ್ಮ ಹೇಳಿದ್ದನ್ನು ನೆನೆದು ಬ್ಯಾಗಿನಿಂದ ಗ್ಲೂಕೋಸ್ ತೆಗೆದು ಬಾಯಿಗೆ ಸುರಿದ. ತಂಬೂರದಲ್ಲಿ ನನ್ನನ್ನು ಕೊಲ್ಲಲು ಬಂದಿದ್ದ ಅದೇ ಪುಡಿ ಆ ದಿನ ನನ್ನನ್ನು ಎಬ್ಬಿಸಿ ಕೂರಿಸಿತು. ಇಬ್ಬರೂ ಡಬ್ಬಿಯನ್ನೇ ನೋಡುತ್ತ ಕೂತೆವು.

ಸೀಸನ್ನಿನ ಕೊನೆಯ ಪಂದ್ಯಾವಳಿ ನವಲಗುಂದದಲ್ಲಿ. ಅರವತ್ತು ಕಿಲೊ. ಎಕ್ಸ್‌ಟ್ರಾ ಇಬ್ಬರಲ್ಲಿ ಒಬ್ಬನ ಮೊಣಕಾಲು ಹೋಗಿತ್ತು, ಇನ್ನೊಬ್ಬ ಪೊಲೀಸ್ ಭರ್ತಿಗೆ ತಯಾರಿ ಎಂದು ಆಟ ಬಿಟ್ಟಿದ್ದ. ನಾನು ಸೇರಿದರೆ ಏಳು, ಇಲ್ಲದಿದ್ದರೆ ಆರು. ಕಾಲೇಜಿನಲ್ಲಿ ಅದೇ ನನ್ನ ಕೊನೆಯ ವರ್ಷ. ಆಡಲೇಬೇಕು ಎಂದು ನಿಶ್ಚಯಿಸಿದ್ದೆ. ಆದರೆ ಇನ್ಸುಲಿನ್ ಒಳಗೆ ಹೋದ ಮೇಲೆ ಉಂಡದ್ದು ಮೈಗೆ ಹತ್ತುತ್ತಿತ್ತು. ಸಣ್ಣ ಮಕ್ಕಳಂತೆ ತುಂಬಿಕೊಳ್ಳುತ್ತಿದ್ದೆ. ಪಂದ್ಯಕ್ಕೆ ಎರಡು ದಿನ ಇರುವಾಗ ಕಾಲೇಜಿನ ಕಾಟಾ ಅರವತ್ತೊಂದು ದಾಟಿತು.

ಉಳಿದವರೆಲ್ಲ ಉಪವಾಸ ಶುರುಮಾಡಿದ್ದರು. ನಾನು ಮಾಡುವಂತಿಲ್ಲ. ಎಲ್ಲರೂ ಗೋಡೆಗೆ ಆತು ಕೂತಿದ್ದಾಗ ಬಸ್ಯಾ ಎಂಬ ನಮ್ಮ ಎಡಗಡೆಯ ರೇಡರ್, ಕೆಟ್ಟ ಮನಸ್ಸಿನವನಲ್ಲ, ಸುಮ್ಮನೆ ಹೊಳೆದದ್ದನ್ನು ಹೇಳಿದ.

"ಎರಡ ದಿನಾ ಸೂಜಿ ಬಿಟ್ರ ಇಳೀತೈತಲ್ಲೇನಲೇ? ಹಿಂದ ಹಂಗ ಇಳಿದಿತ್ತಲ್ಲ."

ನಾನು ಬೆಚ್ಚಿಬಿದ್ದೆ. ಅವನು ಹೇಳಿದ್ದಕ್ಕಲ್ಲ. ಅವನು ಹೇಳುವ ಮೊದಲೇ ನನ್ನ ಮನಸ್ಸಿನಲ್ಲಿ ಅದು ಕೂತಿತ್ತು. ಓಡಬೇಕಿಲ್ಲ, ಹಸಿಯಬೇಕಿಲ್ಲ, ಸೂಜಿ ಬಿಟ್ಟರೆ ಸಾಕು. ಈ ರೋಗ ಹೀಗೆ ಪಿಸುಗುಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಓದುವವರ ಮನೆಯಲ್ಲಿ ಇಂಥ ಸೂಜಿಯ ಹುಡುಗರು, ಹುಡುಗಿಯರು ಇದ್ದರೆ ಅವರಿಗೂ ಅದು ಪಿಸುಗುಟ್ಟಿರುತ್ತದೆ, ನೀವು ಒಬ್ಬರೇ ಅಲ್ಲ ಎಂದು ಅವರಿಗೆ ಹೇಳಿ. ಈ ಬರಹ ಮುಖ್ಯವಾಗಿ ಅದಕ್ಕೇ.

ನಾನು ಬಾಯಿ ತೆರೆಯುವ ಮೊದಲು ದಾದಾಪೀರ ಎದ್ದು ನಿಂತಿದ್ದ.

"ಆ ಪ್ಯಾರಲದ ವಾಸನಿ ನಾ ಇನ್ನೊಮ್ಮೆ ತಗೊಳ್ಳಂಗಿಲ್ಲ" ಎಂದ. ದನಿ ಏರಿಸಲಿಲ್ಲ. "ಸೂಜಿ ತಗೊಂಡು, ಉಂಡು ಬಾ. ಕಾಟಾ ಒಳಗ ಬಿಟ್ರ ಏಳು ಮಂದಿ ಆಡೂಣು, ಇಲ್ಲಂದ್ರ ಆರು ಮಂದಿ ಆಡ್ತೀವಿ."

ಸೂಜಿ ತಗೊಂಡೆ, ಉಂಡೆ. ಉಳಿದದ್ದು ತಲೆಗೂದಲು. ಕಟಿಂಗ್ ಅಂಗಡಿಗೆ ಹೋಗಿ ನುಣ್ಣಗೆ ಬೋಳಿಸಿಕೊಂಡು ಬಂದೆ. ಮನೆಯಲ್ಲಿ ಹಿರಿಯರು ಬದುಕಿರುವಾಗ ಇದೇನು ಅವಲಕ್ಷಣ ಎಂದು ಅವ್ವ ಸೆರಗಿನಿಂದ ನನ್ನ ತಲೆ ಮುಚ್ಚಿದಳು. ಅಪ್ಪ ನನ್ನ ಬೋಳುತಲೆಯನ್ನು ನೋಡಿದ, ನಗಲಿಲ್ಲ.

"ನವಲಗುಂದಕ್ಕ ನಾನೂ ಬರ್ತೀನಿ" ಎಂದ. ಅದುವರೆಗೂ ನನ್ನ ಒಂದು ಪಂದ್ಯವನ್ನೂ ಅವನು ನೋಡಿರಲಿಲ್ಲ. ಗಿರಣಿ ಬಿಟ್ಟು ಬರುವ ಆಳಲ್ಲ.

ನವಲಗುಂದದ ಮೈದಾನದಲ್ಲಿ ಮುಂಜಾನೆಯ ಥಂಡಿಗೆ ಎಲ್ಲರೂ ಚಡ್ಡಿಯಲ್ಲಿ ಕೈ ಕಟ್ಟಿಕೊಂಡು ಸಾಲು ನಿಂತಿದ್ದೆವು. ನಮ್ಮ ಆರೂ ಜನ ಒಳಗಾದರು. ನಾನು ಹತ್ತಿದೆ. ಅರವತ್ತು ಕಿಲೊ, ಮೇಲೆ ಆರುನೂರು ಗ್ರಾಂ. ತೂಕ ನೋಡುತ್ತಿದ್ದ ಯುವಕ ಕೈ ಬೀಸಿ, "ಔಟ್. ಮುಂದಿನಾಂವ ಬಾ" ಎಂದ.

ನನ್ನ ಕಾಲು ಕಾಟಾದಿಂದ ಇಳಿಯಲೊಲ್ಲದು. ಅಷ್ಟು ತಿಂಗಳು, ಅಷ್ಟು ಸೂಜಿ, ಕೊನೆಗೆ ನಾಲ್ಕಾರು ಹಿಡಿ ಹಿಟ್ಟಿನಷ್ಟು ಹೆಚ್ಚು. ಆರು ಜನ ಆಡಿ ಎರಡನೆಯ ಸುತ್ತಿನವರೆಗೆ ಬಂದದ್ದು, ಹೊರಗೆ ಕೂತು ನಾನು ಗಂಟಲು ಹರಿಯುವಂತೆ ಕೂಗಿದ್ದು ಎಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ನೆಲ ಬಾಯಿ ಬಿಡಲಿ ಅನಿಸಿತ್ತು.

ಸಾಲಿನ ಆಚೆ ನಿಂತಿದ್ದ ಅಪ್ಪ ಒಳಗೆ ಬಂದ. ಬಗ್ಗಿ ಕಾಟಾದ ನಾಲ್ಕೂ ಕಾಲು ನೋಡಿದ. ನನ್ನನ್ನು ಇಳಿಸಿ, ಅಂಕಿ ಸೊನ್ನೆಗೆ ನಿಲ್ಲುತ್ತದೆಯೇ ನೋಡಿದ. ಅಂಗೈಯಿಂದ ಒಮ್ಮೆ ಒತ್ತಿ ಬಿಟ್ಟ. ಬಹಳ ದಿನಗಳ ಮೇಲೆ ಅವನ ಕೈ ಕಾಟಾ ಮುಟ್ಟಿತ್ತು.

"ಇನ್ನೊಮ್ಮೆ ತೂಗ್ರಿ" ಎಂದ.

ಯುವಕನಿಗೆ ಬೇಸರವಾಯಿತು. "ಕಾಟಾ ಬರೋಬ್ಬರಿ ಐತ್ರಿ ಕಾಕಾ. ಎಷ್ಟ ಸಲಾ ತೂಗಿದ್ರೂ ಇಳಿಯಂಗಿಲ್ಲ."

"ಇಳಸಾಕ ಅಲ್ರಿ" ಎಂದ ಅಪ್ಪ. "ನೋಡಾಕ."

ನಾನು ಮತ್ತೆ ಹತ್ತಿದೆ. ಅಷ್ಟೇ ಬಂತು. ಅಪ್ಪ ಆ ಕೆಂಪು ಅಂಕಿಯನ್ನು ನೋಡುತ್ತ ನಿಂತ. ಹಿಂದಿನವರು ಗದ್ದಲ ಮಾಡಿದರೂ ಕದಲಲಿಲ್ಲ. ಆಮೇಲೆ ನನ್ನ ಬೋಳುತಲೆಯ ಮೇಲೆ ಕೈಯಿಟ್ಟು, "ಅಂಗಿ ಹಾಕ್ಕೊ. ನಾಷ್ಟಾ ಮಾಡೂಣು ಬಾ" ಎಂದ.

ಮರುದಿನ ಗಿರಣಿಗೆ ಹೋದಾಗ ಕಾಟಾದ ಮೇಲಿನ ಗೋಣಿಚೀಲ ತೆಗೆದಿತ್ತು.